ಗೋಪುರ ನುಂಗಿದ ರಾಜಕುಮಾರರು

ಲಂಡನ್ನಿಗೆ ಹೋದ ಭಾರತೀಯರು ಟವರ್ ಆಫ್ ಲಂಡನ್ ನೋಡದೆ ಬರುವುದು ಅಪರೂಪ. ಅಲ್ಲಿ ಕೊಹಿನೂರ್ ಇದೆ. ಥೇಮ್ಸ್ ನದಿಯ ದಂಡೆಯ ಮೇಲಿನ ಈ ಕೋಟೆಯ ಪಶ್ಚಿಮದ ಬಾಗಿಲು ದಾಟಿ, ಎರಡು ಎತ್ತರದ ಗೋಡೆಗಳ ನಡುವಿನ ಕಲ್ಲುಹಾಸಿನ ಓಣಿಯಲ್ಲಿ ನಡೆದರೆ ಬಲಕ್ಕೆ ನದಿಯ ಕಡೆಗಿರುವ 'ದ್ರೋಹಿಗಳ ಬಾಗಿಲು' ಸಿಗುತ್ತದೆ. ಅದರ ಎದುರಿಗೇ, ಎಡಕ್ಕೆ, ಕಮಾನಿನ ಹೆಬ್ಬಾಗಿಲ ಮೇಲೆ ಎದ್ದು ನಿಂತ ಚೌಕನೆಯ ಗೋಪುರ. ವಜ್ರ ನೋಡುವ ಅವಸರದಲ್ಲಿರುವ ಪ್ರವಾಸಿಗರು ಈ ಕಮಾನಿನ ಕೆಳಗೇ ಹಾದು ಒಳಗೆ ಹೋಗುತ್ತಾರೆ. ಗೋಪುರದ ಹೆಸರು ಬ್ಲಡಿ ಟವರ್. ನೆತ್ತರ ಗೋಪುರ!

ಇಂಗ್ಲೆಂಡಿನ ಚರಿತ್ರೆಯಲ್ಲಿ ಅತ್ಯಂತ ಹೆಚ್ಚು ಚರ್ಚೆಗೆ ಒಳಗಾದ, ಇಂದಿಗೂ ಬಗೆಹರಿಯದ ಕೊಲೆಯ ಕಥೆ ಈ ಗೋಪುರಕ್ಕೆ ಅಂಟಿಕೊಂಡಿದೆ. ಹನ್ನೆರಡು ವರ್ಷದ ಒಬ್ಬ ದೊರೆ, ಒಂಬತ್ತು ವರ್ಷದ ಅವನ ತಮ್ಮ. 1483ರ ಬೇಸಿಗೆಯಲ್ಲಿ ಈ ಕೋಟೆಯೊಳಗೆ ಆಡುತ್ತಿದ್ದ ಇಬ್ಬರೂ ಆ ವರ್ಷ ಮುಗಿಯುವ ಹೊತ್ತಿಗೆ ಯಾರ ಕಣ್ಣಿಗೂ ಬೀಳದಂತಾದರು. ಸತ್ತರೆ? ಸತ್ತಿದ್ದರೆ ಕೊಂದವರು ಯಾರು? ಹೆಣ ಎಲ್ಲಿ? ಐದು ಶತಮಾನ ಕಳೆದರೂ ಈ ಮೂರು ಪ್ರಶ್ನೆಗಳಿಗೆ ಎಲ್ಲರೂ ಒಪ್ಪುವ ಉತ್ತರ ದೊರೆತಿಲ್ಲ.

ಪ್ರವಾಸಿಗೆ ಮಾತ್ರ ಈ ಸಂಶಯ ಸುಲಭಕ್ಕೆ ಕಾಣುವುದಿಲ್ಲ. ಇಲ್ಲಿ ಗೋಪುರಕ್ಕೆ ಹೆಸರಿದೆ, ಮೆಟ್ಟಿಲಿಗೆ ಫಲಕವಿದೆ, ಮೂಳೆಗಳಿಗೆ ಅಮೃತಶಿಲೆಯ ಕುಂಭವಿದೆ. ಕಲ್ಲು ಎಲ್ಲವನ್ನೂ ಖಚಿತವಾಗಿ ಹೇಳುತ್ತದೆ. ಕಾಗದಪತ್ರಗಳು ಹೇಳುವುದೇ ಬೇರೆ.

ಬೇಲಿಯೇ ಹೊಲ ಮೇಯ್ದಾಗ

ಅಂದಿನ ಇಂಗ್ಲೆಂಡ್ ದಾಯಾದಿ ಕಲಹದಿಂದ ಬೆಂದ ನಾಡು. ಒಂದೇ ರಾಜವಂಶದ ಎರಡು ಕವಲುಗಳಾದ ಯಾರ್ಕ್ ಮತ್ತು ಲ್ಯಾಂಕಾಸ್ಟರ್ ಮನೆತನಗಳು ಸಿಂಹಾಸನಕ್ಕಾಗಿ ದಶಕಗಳ ಕಾಲ ಕಾದಾಡಿದ್ದವು. ಗೆದ್ದವನು ಯಾರ್ಕ್ ಮನೆತನದ ನಾಲ್ಕನೆಯ ಎಡ್ವರ್ಡ್. ನಡುವೆ ಒಮ್ಮೆ ಅವನೂ ರಾಜ್ಯ ಬಿಟ್ಟು ಓಡಬೇಕಾಯಿತು. ಆಗ ತುಂಬು ಗರ್ಭಿಣಿಯಾಗಿದ್ದ ರಾಣಿ ಎಲಿಜಬೆತ್ ವುಡ್‌ವಿಲ್ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಆಶ್ರಯ ಪಡೆದಳು. ದೇವರ ಮನೆಯಲ್ಲಿ ಶರಣು ಹೊಕ್ಕವರನ್ನು ಯಾರೂ ಮುಟ್ಟುವಂತಿಲ್ಲ ಎಂಬುದು ಆ ಕಾಲದ ಕಟ್ಟಳೆ. 1470ರ ನವೆಂಬರ್ 2ರಂದು ಅಲ್ಲಿಯೇ ಅವಳಿಗೆ ಗಂಡು ಮಗು ಹುಟ್ಟಿತು. ಅಭಯಸ್ಥಾನದಲ್ಲಿ ಕಣ್ಣುಬಿಟ್ಟ ಆ ಕೂಸೇ ಮುಂದೆ ಐದನೆಯ ಎಡ್ವರ್ಡ್. ಎರಡನೆಯ ಮಗ ರಿಚರ್ಡ್ ಹುಟ್ಟಿದ್ದು 1473ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ತಂದೆ ಮರಳಿ ಸಿಂಹಾಸನ ಏರಿದ್ದ.

1483ರ ಏಪ್ರಿಲ್ 9ರಂದು ನಾಲ್ಕನೆಯ ಎಡ್ವರ್ಡ್ ತೀರಿಕೊಂಡ. ಹಿರಿಯ ಮಗ ಆಗ ವೇಲ್ಸ್ ಗಡಿಯ ಲಡ್ಲೊ ಕೋಟೆಯಲ್ಲಿ ಸೋದರಮಾವ ರಿವರ್ಸ್‌ನ ಮೇಲ್ವಿಚಾರಣೆಯಲ್ಲಿ ಬೆಳೆಯುತ್ತಿದ್ದ. ಪಟ್ಟಾಭಿಷೇಕಕ್ಕೆಂದು ಲಂಡನ್ನಿಗೆ ಹೊರಟ ಹುಡುಗನನ್ನು ಸ್ಟೋನಿ ಸ್ಟ್ರಾಟ್‌ಫರ್ಡ್ ಎಂಬ ಊರಿನಲ್ಲಿ ಎದುರುಗೊಂಡವನು ಅವನ ಚಿಕ್ಕಪ್ಪ, ಗ್ಲೌಸ್ಟರಿನ ಡ್ಯೂಕ್ ರಿಚರ್ಡ್. ಸೋದರಮಾವ ಸೆರೆಯಾದ. ದೊರೆ ಚಿಕ್ಕಪ್ಪನ ವಶವಾದ. ಸುದ್ದಿ ಕೇಳಿದ ರಾಣಿ ಕಿರಿಯ ಮಗನನ್ನೂ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಮತ್ತೆ ಅದೇ ವೆಸ್ಟ್‌ಮಿನ್‌ಸ್ಟರಿನ ಅಭಯಸ್ಥಾನಕ್ಕೆ ಓಡಿದಳು. ಹದಿಮೂರು ವರ್ಷದಲ್ಲಿ ಎರಡನೆಯ ಸಲ!

ರಿಚರ್ಡ್ ರಾಜ್ಯದ ಪಾಲಕನಾದ. ಮೇ ತಿಂಗಳಲ್ಲಿ ಬಾಲದೊರೆಯನ್ನು ಟವರಿಗೆ ಕರೆತಂದರು. ಇದರಲ್ಲಿ ಹೆದರುವಂಥದ್ದೇನೂ ಇರಲಿಲ್ಲ. ಟವರ್ ಆಗ ಬರಿಯ ಸೆರೆಮನೆಯಲ್ಲ, ಅರಮನೆಯೂ ಹೌದು. ಪಟ್ಟಕ್ಕೆ ಮುಂಚೆ ರಾಜರು ಅಲ್ಲಿ ತಂಗುವುದು ವಾಡಿಕೆ. ಪಟ್ಟಾಭಿಷೇಕದ ದಿನವೂ ಜೂನ್ 22 ಎಂದು ಗೊತ್ತಾಗಿತ್ತು. ಆದರೆ ಜೂನ್ 13ರಂದು ಸತ್ತ ದೊರೆಯ ಆಪ್ತನಾಗಿದ್ದ ಹೇಸ್ಟಿಂಗ್ಸ್ ಪ್ರಭುವನ್ನು ಟವರಿನ ಸಭೆಯಲ್ಲಿ ಹಿಡಿದು, ಆವರಣದಲ್ಲೇ ತಲೆ ಕಡಿದರು. ಮೂರು ದಿನದ ಮೇಲೆ, ಜೂನ್ 16ರಂದು, ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸ್ವತಃ ಹೋಗಿ ರಾಣಿಯ ಮನವೊಲಿಸಿ ಕಿರಿಯ ಮಗನನ್ನು ಹೊರಗೆ ಕರೆತಂದ. ಅಣ್ಣನಿಗೆ ಆಟಕ್ಕೆ ಜೊತೆ ಬೇಕು, ಪಟ್ಟದ ಹೊತ್ತಿಗೆ ತಮ್ಮ ಹತ್ತಿರ ಇರಬೇಕು ಎಂಬುದು ಹೇಳಿದ ಕಾರಣ. ಅಭಯಸ್ಥಾನದ ಸುತ್ತ ಆಯುಧಧಾರಿಗಳಿದ್ದರು. ತಾಯಿ ಮಗನನ್ನು ಒಪ್ಪಿಸಿದಳು. ಮತ್ತೆ ಅವನನ್ನು ನೋಡಲಿಲ್ಲ.

ಇಬ್ಬರೂ ಕೈಗೆ ಬಂದ ಮೇಲೆ ಉಳಿದದ್ದು ಬೇಗ ನಡೆಯಿತು. ಜೂನ್ 22ರಂದು ಪಟ್ಟಾಭಿಷೇಕದ ಬದಲು ಸೇಂಟ್ ಪಾಲ್ಸ್ ಬಳಿ ಒಂದು ಉಪನ್ಯಾಸ ನಡೆಯಿತು. ಸತ್ತ ದೊರೆಗೆ ಬೇರೊಬ್ಬ ಹೆಣ್ಣಿನೊಡನೆ ಮೊದಲೇ ಮದುವೆಯ ಮಾತು ಆಗಿತ್ತು, ಆದ್ದರಿಂದ ಎಲಿಜಬೆತ್‌ಳ ಮಕ್ಕಳು ಧರ್ಮಸಂತಾನವಲ್ಲ ಎಂಬ ವಾದ ಹುಟ್ಟಿಕೊಂಡಿತು. ಜೂನ್ 26ರಂದು ಚಿಕ್ಕಪ್ಪ ಸಿಂಹಾಸನದ ಮೇಲೆ ಕುಳಿತ. ಜುಲೈ 6ರಂದು ಮೂರನೆಯ ರಿಚರ್ಡ್ ಆಗಿ ಕಿರೀಟ ಧರಿಸಿದ. ಐದನೆಯ ಎಡ್ವರ್ಡನ ಆಳ್ವಿಕೆ 78 ದಿನ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು ಎಂದು ಜನ ಆಡಿಕೊಂಡರೆ ಆಶ್ಚರ್ಯವೇನು?

ಕಿಟಕಿಯಿಂದ ಮರೆಯಾದ ಮುಖಗಳು

ಆ ಬೇಸಿಗೆಯಲ್ಲಿ ಲಂಡನ್ನಿನಲ್ಲಿದ್ದ ಡೊಮಿನಿಕ್ ಮಾಂಚಿನಿ ಎಂಬ ಇಟಲಿಯವನು ತಾನು ಕಂಡು ಕೇಳಿದ್ದನ್ನು ಅದೇ ವರ್ಷ ಡಿಸೆಂಬರಿನಲ್ಲಿ ಬರೆದಿಟ್ಟ. ಶತಮಾನಗಳ ಕಾಲ ಕಾಣೆಯಾಗಿದ್ದ ಆ ಹಸ್ತಪ್ರತಿ 1934ರಲ್ಲಿ ಫ್ರಾನ್ಸಿನ ಲೀಲ್ ನಗರದ ಗ್ರಂಥಾಲಯದಲ್ಲಿ ಸಿಕ್ಕಿತು. ಹುಡುಗರನ್ನು ಟವರಿನ ಒಳಕೋಣೆಗಳಿಗೆ ಸರಿಸಿದರು, ಕಿಟಕಿ ಸರಳುಗಳ ಹಿಂದೆ ದಿನದಿನಕ್ಕೆ ಅವರು ಕಾಣುವುದು ಕಡಿಮೆಯಾಯಿತು, ಕೊನೆಗೆ ಕಾಣಿಸಲೇ ಇಲ್ಲ ಎಂದು ಅವನು ಹೇಳುತ್ತಾನೆ. ಬಾಲದೊರೆಯ ಸೇವೆಯಲ್ಲಿದ್ದ ಕೊನೆಯವರಲ್ಲೊಬ್ಬ ವೈದ್ಯ ಆರ್ಜೆಂಟೀನ್. ಸಾವು ಸಮೀಪಿಸಿತೆಂದು ನಂಬಿದ್ದ ಹುಡುಗ ದಿನವೂ ಪಾಪನಿವೇದನೆ ಮಾಡಿಕೊಳ್ಳುತ್ತಿದ್ದ ಎಂಬ ವಿವರ ಈ ವೈದ್ಯನ ಮೂಲಕ ಬಂದದ್ದು. ಹುಡುಗನ ಹೆಸರೆತ್ತಿದರೆ ಕಣ್ಣೀರಿಡುವ ಗಂಡಸರನ್ನು ಮಾಂಚಿನಿ ಕಂಡಿದ್ದ. ಆದರೆ ಕೊಲೆಯಾಯಿತೇ, ಆಗಿದ್ದರೆ ಹೇಗೆ ಎಂಬುದು ತನಗೆ ತಿಳಿಯಲಿಲ್ಲ ಎಂದು ಪ್ರಾಮಾಣಿಕವಾಗಿ ಬರೆದ.

ಲಂಡನ್ನಿನ ಒಂದು ಹಳೆಯ ವೃತ್ತಾಂತ ಇನ್ನೊಂದು ಚಿತ್ರವನ್ನು ಉಳಿಸಿದೆ. ಟವರಿನ ತೋಟದಲ್ಲಿ ಹುಡುಗರು ಬಿಲ್ಲುಬಾಣ ಹಿಡಿದು ಆಡುವುದನ್ನು ಜನ ನೋಡಿದ್ದರು. ಅಣ್ಣತಮ್ಮಂದಿರ ಬಗ್ಗೆ ಉಳಿದಿರುವ ಕೊನೆಯ ನೋಟಗಳು ಇಷ್ಟೇ.

ಅವರು ನಿಜವಾಗಿ ಇದ್ದದ್ದಾದರೂ ಎಲ್ಲಿ? ಪ್ರವಾಸಿಗರಿಗೆ ತೋರಿಸುವುದು ಬ್ಲಡಿ ಟವರ್. ಆದರೆ ಆ ಕಾಲದಲ್ಲಿ ಅದರ ಹೆಸರು 'ಗಾರ್ಡನ್ ಟವರ್', ತೋಟದ ಗೋಪುರ. ನೆತ್ತರಿನ ಹೆಸರು ದಾಖಲೆಗಳಲ್ಲಿ ಕಾಣುವುದು 1597ರಲ್ಲಿ, ಘಟನೆ ನಡೆದು ನೂರಕ್ಕೂ ಹೆಚ್ಚು ವರ್ಷದ ಮೇಲೆ. ಅರಸರ ವಾಸದ ಕೋಣೆಗಳು ಇದ್ದದ್ದು ಕೋಟೆಯ ನಡುವಿನ ಬಿಳಿ ಗೋಪುರಕ್ಕೂ ನದಿಗೂ ನಡುವೆ. ಅವು ಎಂದೋ ನೆಲಸಮವಾಗಿ ಈಗ ಅಲ್ಲಿ ಹುಲ್ಲುಹಾಸು ಇದೆ. ಕೋಟೆಯ ಪ್ರಸಿದ್ಧ ಕಾಡುಕಾಗೆಗಳ ಫೋಟೋ ತೆಗೆಯುವವರು ಆ ಹುಲ್ಲಿನ ಅಂಚಿನಲ್ಲೇ ನಿಂತಿರುತ್ತಾರೆ.

ಚಿಕ್ಕಪ್ಪನೋ, ಅಕ್ಕನ ಗಂಡನೋ?

ಸಂಶಯದ ಮೊದಲ ಬೆರಳು ಸಹಜವಾಗಿಯೇ ರಿಚರ್ಡನ ಕಡೆಗೆ. ಮಕ್ಕಳು ಅವನ ಕಾವಲಿನಲ್ಲಿದ್ದರು. ಅವರು ಬದುಕಿರುವಷ್ಟು ದಿನ ಅವನ ಸಿಂಹಾಸನ ಭದ್ರವಲ್ಲ. ಕೊಂದನೆಂಬ ಸುದ್ದಿ ಹಬ್ಬಿದಾಗ ಮಕ್ಕಳನ್ನು ಒಮ್ಮೆ ಬೀದಿಯಲ್ಲಿ ಮೆರವಣಿಗೆ ಮಾಡಿಸಿದ್ದರೆ ಸಾಕಿತ್ತು. ಅವನು ಹಾಗೆ ಮಾಡಲಿಲ್ಲ. ಹೆಚ್ಚಿನ ಇತಿಹಾಸಕಾರರು ಅವನನ್ನೇ ಹೊಣೆ ಮಾಡುವುದು ಈ ಕಾರಣಕ್ಕೆ.

ಆದರೂ ತೊಡಕುಗಳಿವೆ. 1484ರ ಮಾರ್ಚ್‌ನಲ್ಲಿ ರಿಚರ್ಡ್ ಬಹಿರಂಗವಾಗಿ ಆಣೆ ಮಾಡಿ ಭರವಸೆ ಕೊಟ್ಟ ಮೇಲೆ ಅದೇ ತಾಯಿ ಹೆಣ್ಣುಮಕ್ಕಳೊಡನೆ ಅಭಯಸ್ಥಾನದಿಂದ ಹೊರಬಂದಳು. ಗಂಡುಮಕ್ಕಳ ಕೊಲೆಗಾರನ ಕೈಗೆ ಹೆಣ್ಣುಮಕ್ಕಳನ್ನು ಕೊಟ್ಟಳೇ? ಅಥವಾ ಬೇರೆ ದಾರಿಯೇ ಇರಲಿಲ್ಲವೇ? ರಿಚರ್ಡನಿಗೆ ಬಲಗೈಯಾಗಿದ್ದ ಬಕಿಂಗ್‌ಹ್ಯಾಮ್ ಡ್ಯೂಕನ ಮೇಲೂ ಕೆಲವರಿಗೆ ಅನುಮಾನವಿದೆ. ಅವನದೂ ರಾಜರಕ್ತ. ಶರತ್ಕಾಲದಲ್ಲಿ ರಿಚರ್ಡನ ವಿರುದ್ಧವೇ ದಂಗೆಯೆದ್ದು ಸೋತ. 1483ರ ನವೆಂಬರ್ 2ರಂದು ಸಾಲ್ಸ್‌ಬರಿಯಲ್ಲಿ ಅವನ ತಲೆ ಉರುಳಿತು. ಬದುಕಿದ್ದರೆ ಬಾಲದೊರೆಗೆ ಅಂದು ಹದಿಮೂರು ತುಂಬುತ್ತಿತ್ತು.

ಮೂರನೆಯವನು ಹೆನ್ರಿ ಟ್ಯೂಡರ್. 1485ರ ಆಗಸ್ಟ್ 22ರಂದು ಬಾಸ್ವರ್ತ್ ಕಾಳಗದಲ್ಲಿ ರಿಚರ್ಡನನ್ನು ಸೋಲಿಸಿ ಏಳನೆಯ ಹೆನ್ರಿಯಾದವನು. ಮರುವರ್ಷ ರಾಜಕುಮಾರರ ಅಕ್ಕ ಎಲಿಜಬೆತ್‌ಳನ್ನೇ ಮದುವೆಯಾದ. ಅವಳು ಧರ್ಮಸಂತಾನವಲ್ಲ ಎಂದರೆ ಮದುವೆಗೆ ಬೆಲೆಯಿಲ್ಲ. ಆದ್ದರಿಂದ ಆ ಕಾನೂನನ್ನು ಓದಿಸದೆಯೇ ರದ್ದು ಮಾಡಿಸಿ, ಪ್ರತಿಗಳನ್ನು ನಾಶಪಡಿಸಲು ಆಜ್ಞೆ ಹೊರಡಿಸಿದ. ಆದರೆ ಅಕ್ಕನ ಹಕ್ಕು ಮರಳಿ ಬಂದರೆ ತಮ್ಮಂದಿರ ಹಕ್ಕೂ ಮರಳಿ ಬಂತಲ್ಲ! ಹುಡುಗರು ಎಲ್ಲಾದರೂ ಬದುಕಿದ್ದರೆ ನಿಜವಾದ ದೊರೆ ಅವರೇ. 1483ರಲ್ಲಿ ದೇಶದಲ್ಲೇ ಇರದಿದ್ದ ಹೆನ್ರಿಗೆ ಟವರಿನ ಬೀಗದ ಕೈ ಎಟುಕುತ್ತಿರಲಿಲ್ಲ ನಿಜ. ಆದರೆ ಅವರು 1485ರ ತನಕ ಬದುಕಿದ್ದರೆ ಲೆಕ್ಕವೇ ಬೇರೆಯಾಗುತ್ತದೆ.

ಹೆನ್ರಿಯ ಮೌನ ಇನ್ನೂ ವಿಚಿತ್ರ. ಸೋತ ರಿಚರ್ಡನ ಮೇಲೆ ಆರೋಪ ಪಟ್ಟಿ ಮಾಡಿದಾಗ ಎಳೆಯರ ರಕ್ತ ಹರಿಸಿದನೆಂಬ ಒಂದು ಮಾತು ಬಂತೇ ಹೊರತು ರಾಜಕುಮಾರರ ಹೆಸರು ಬರಲಿಲ್ಲ. 1491ರಿಂದ ಪರ್ಕಿನ್ ವಾರ್ಬೆಕ್ ಎಂಬ ಯುವಕ ತಾನೇ ಕಿರಿಯ ರಾಜಕುಮಾರ ರಿಚರ್ಡ್ ಎಂದು ಹೇಳಿಕೊಂಡು ಯುರೋಪಿನ ಆಸ್ಥಾನಗಳನ್ನು ಸುತ್ತಿದ. ಹುಡುಗರ ಸೋದರತ್ತೆ, ಬರ್ಗಂಡಿಯ ಮಾರ್ಗರೆಟ್, ಅವನನ್ನು ತನ್ನ ಅಳಿಯನೆಂದು ಒಪ್ಪಿಕೊಂಡಳು. ಇಲ್ಲಿವೆ ನೋಡಿ ಹೆಣಗಳು ಎಂದು ಹೆನ್ರಿ ತೋರಿಸಿದ್ದರೆ ಆಟ ಅಲ್ಲಿಗೆ ಮುಗಿಯುತ್ತಿತ್ತು. ತೋರಿಸಲಾಗಲಿಲ್ಲ. ಬಾಸ್ವರ್ತ್‌ನಲ್ಲಿ ಹೆನ್ರಿಯನ್ನು ಗೆಲ್ಲಿಸಿದ ಸರ್ ವಿಲಿಯಂ ಸ್ಟ್ಯಾನ್ಲಿಯೇ, ಅವನು ನಿಜವಾಗಿ ಎಡ್ವರ್ಡನ ಮಗನಾಗಿದ್ದರೆ ನಾನು ಅವನ ಮೇಲೆ ಕತ್ತಿ ಎತ್ತಲಾರೆ ಎಂದನಂತೆ. 1495ರಲ್ಲಿ ಅವನ ತಲೆ ಹೋಯಿತು. 1499ರಲ್ಲಿ ವಾರ್ಬೆಕ್‌ನನ್ನು ಗಲ್ಲಿಗೇರಿಸಿದರು. ಹುಡುಗರಿಗೆ ಏನಾಯಿತೆಂದು ಹೆನ್ರಿಗೂ ಗೊತ್ತಿರಲಿಲ್ಲವೇ ಎಂಬ ಶಂಕೆ ಇಂದಿಗೂ ಉಳಿದಿದೆ.

ಮೆಟ್ಟಿಲ ಬುಡದ ಪೆಟ್ಟಿಗೆ

ಜಗತ್ತು ನಂಬಿರುವ ಕಥೆ ಹೆಚ್ಚಾಗಿ ಸರ್ ಥಾಮಸ್ ಮೋರ್ ಬರೆದದ್ದು. ಘಟನೆ ನಡೆದಾಗ ಅವನು ಐದು ವರ್ಷದ ಮಗು. ಬರೆದದ್ದು ಮೂವತ್ತು ವರ್ಷದ ಮೇಲೆ, ಟ್ಯೂಡರ್ ಆಳ್ವಿಕೆಯಲ್ಲಿ. ರಿಚರ್ಡನ ಆಜ್ಞೆಯಂತೆ ಸರ್ ಜೇಮ್ಸ್ ಟಿರೆಲ್ ಏರ್ಪಾಡು ಮಾಡಿದ. ಮೈಲ್ಸ್ ಫಾರೆಸ್ಟ್ ಮತ್ತು ಜಾನ್ ಡೈಟನ್ ಎಂಬಿಬ್ಬರು ಮಲಗಿದ್ದ ಹುಡುಗರ ಉಸಿರುಗಟ್ಟಿಸಿ ಕೊಂದರು. ಹೆಣಗಳನ್ನು ಮೆಟ್ಟಿಲ ಬುಡದಲ್ಲಿ, ಕಲ್ಲುರಾಶಿಯ ಕೆಳಗೆ ಹೂಳಿದರು. ಮೋರ್ ಹೇಳಿದ್ದನ್ನೇ ಶೇಕ್ಸ್‌ಪಿಯರ್ ರಂಗಕ್ಕೆ ತಂದ. ಗೂನುಬೆನ್ನಿನ, ವಿಷದ ನಗೆಯ ರಿಚರ್ಡ್ ಎಲ್ಲರ ಮನಸ್ಸಿನಲ್ಲಿ ನೆಲೆಯಾದ. ಗೆದ್ದೆತ್ತಿನ ಬಾಲ ಹಿಡಿಯುವುದು ಚರಿತ್ರೆಕಾರರಿಗೂ ಹೊಸದಲ್ಲ.

ಬಿಳಿ ಗೋಪುರಕ್ಕೆ ಹೋಗುವವರು ಇಂದಿಗೂ ದಕ್ಷಿಣದ ಗೋಡೆಯ ಕಡೆಯಿಂದಲೇ ಮೆಟ್ಟಿಲು ಹತ್ತಬೇಕು. 1674ರಲ್ಲಿ, ಎರಡನೆಯ ಚಾರ್ಲ್ಸ್‌ನ ಕಾಲದಲ್ಲಿ, ಇಲ್ಲಿಯ ಹಳೆಯ ಮೆಟ್ಟಿಲನ್ನು ಕೆಡವುತ್ತಿದ್ದ ಕೆಲಸಗಾರರಿಗೆ ಸುಮಾರು ಹತ್ತು ಅಡಿ ಆಳದಲ್ಲಿ ಮರದ ಪೆಟ್ಟಿಗೆಯೊಂದು ಸಿಕ್ಕಿತು. ಒಳಗೆ ಇಬ್ಬರು ಮಕ್ಕಳ ಮೂಳೆಗಳು. ಮೋರ್ ಹೇಳಿದ ಮೆಟ್ಟಿಲು ಇದೇ ಎಂದು ಎಲ್ಲರೂ ನಿರ್ಧರಿಸಿದರು. ಈಗ ಅಲ್ಲೊಂದು ಫಲಕವಿದೆ.

ಆದರೆ ಮೋರ್‌ನ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅಂಥ ಹೀನ ಜಾಗ ರಾಜಪುತ್ರರಿಗೆ ತಕ್ಕದ್ದಲ್ಲವೆಂದು ಪಾದ್ರಿಯೊಬ್ಬ ಹೆಣಗಳನ್ನು ತೆಗೆದು ಬೇರೆ ಕಡೆ ಹೂಳಿದ, ಆ ಜಾಗ ಅವನೊಡನೆಯೇ ಮರೆಯಾಯಿತು ಎಂದೂ ಮೋರ್ ಬರೆದಿದ್ದಾನೆ. ಜನ ಅರ್ಧ ಕಥೆಯನ್ನು ಹಿಡಿದುಕೊಂಡು ಉಳಿದರ್ಧವನ್ನು ಕೈಬಿಟ್ಟರು. ಜನಜಂಗುಳಿಯ ಕೋಟೆಯಲ್ಲಿ, ಕಲ್ಲಿನ ಮೆಟ್ಟಿಲ ಕೆಳಗೆ ಹತ್ತಡಿ ಗುಂಡಿಯನ್ನು ರಾತ್ರೋರಾತ್ರಿ ಗುಟ್ಟಾಗಿ ತೋಡಿದ್ದು ಹೇಗೆ ಎಂದೂ ಯಾರೂ ಕೇಳಲಿಲ್ಲ. ರೋಮನ್ನರ ಕಾಲದಿಂದ ಜನವಸತಿ ಇದ್ದ ನೆಲ ಇದು. ಇದೇ ಆವರಣದಲ್ಲಿ 1970ರ ದಶಕದ ಉತ್ಖನನದಲ್ಲಿ ಕಬ್ಬಿಣಯುಗದ ಹುಡುಗನೊಬ್ಬನ ಅಸ್ಥಿಯೂ ಸಿಕ್ಕಿದೆ.

ಮುಚ್ಚಿದ ಕುಂಭ

ಟವರಿನಿಂದ ದೋಣಿ ಹತ್ತಿ ಥೇಮ್ಸ್‌ನಲ್ಲಿ ಮೇಲಕ್ಕೆ ಸಾಗಿದರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ವೆಸ್ಟ್‌ಮಿನ್‌ಸ್ಟರ್. ಅಲ್ಲಿಯ ಅಬೆಯ ಪೂರ್ವ ತುದಿಯಲ್ಲಿ ಏಳನೆಯ ಹೆನ್ರಿ ಕಟ್ಟಿಸಿದ ಅಪೂರ್ವ ಕೆತ್ತನೆಯ ಪ್ರಾರ್ಥನಾಮಂದಿರವಿದೆ. ಅದರ ಉತ್ತರದ ಮಗ್ಗುಲಲ್ಲಿ ಮೊದಲನೆಯ ಎಲಿಜಬೆತ್ ರಾಣಿಯ ಭವ್ಯ ಸಮಾಧಿ. ಅದನ್ನು ದಾಟಿ ಮುಂದೆ ಹೋದರೆ ಒಂದು ಸಣ್ಣ ಮೂಲೆ. ಇದಕ್ಕೆ 'ಮುಗ್ಧರ ಮೂಲೆ' ಎಂದು ಹೆಸರು. ಹುಟ್ಟಿದ ಕೆಲವೇ ದಿನಗಳಲ್ಲಿ ಹೋದ ರಾಜಕುಮಾರಿ ಸೋಫಿಯಾಳ ತೊಟ್ಟಿಲಿನಾಕಾರದ ಸಮಾಧಿ, ಎರಡು ವರ್ಷ ಬದುಕಿದ ಅವಳ ಅಕ್ಕ ಮೇರಿಯ ಸಮಾಧಿ ಇಲ್ಲಿವೆ. ಅವುಗಳ ನಡುವೆ ಗೋಡೆಗೆ ಸೇರಿದಂತೆ ಬಿಳಿಯ ಅಮೃತಶಿಲೆಯ ಕುಂಭ. 1678ರಲ್ಲಿ ಇಟ್ಟದ್ದು. ವಿನ್ಯಾಸ ಸೇಂಟ್ ಪಾಲ್ಸ್ ಕಟ್ಟಿದ ಕ್ರಿಸ್ಟೋಫರ್ ರೆನ್‌ನದು.

ಟವರಿನಲ್ಲಿ ಸಿಕ್ಕ ಮೂಳೆಗಳು ಇದರೊಳಗಿವೆ. ಕೆಳಗೆ ಕೊರೆದ ಲ್ಯಾಟಿನ್ ಬರಹಕ್ಕೆ ಯಾವ ಅನುಮಾನವೂ ಇಲ್ಲ. ಇವು ಐದನೆಯ ಎಡ್ವರ್ಡ್ ಮತ್ತು ಅವನ ತಮ್ಮನ ಅಸ್ಥಿಗಳು, ವಂಚಕ ಚಿಕ್ಕಪ್ಪನ ಆಜ್ಞೆಯಂತೆ ದಿಂಬಿನಿಂದ ಉಸಿರುಗಟ್ಟಿ ಸತ್ತವರು ಎಂದು ಅದು ಸಾರುತ್ತದೆ. ವಿಚಾರಣೆ ಇಲ್ಲದೆ ಬರೆದ ತೀರ್ಪು!

1933ರಲ್ಲಿ ಒಮ್ಮೆ ಕುಂಭವನ್ನು ತೆರೆದರು. ಅಬೆಯ ಲಾರೆನ್ಸ್ ಟ್ಯಾನರ್ ಮತ್ತು ಅಂಗರಚನಾ ತಜ್ಞ ವಿಲಿಯಂ ರೈಟ್ ಪರೀಕ್ಷಿಸಿದರು. ಮಕ್ಕಳ ಮೂಳೆಗಳ ಜೊತೆ ಪ್ರಾಣಿಗಳ ಮೂಳೆ, ತುಕ್ಕು ಹಿಡಿದ ಮೊಳೆಗಳೂ ಇದ್ದವು. ಹಲ್ಲು, ಮೂಳೆ ನೋಡಿ ಮಕ್ಕಳ ವಯಸ್ಸು ರಾಜಕುಮಾರರಿಗೆ ಹೊಂದುತ್ತದೆ ಎಂದರು. ಆದರೆ ಗಂಡೋ ಹೆಣ್ಣೋ ಎಂಬುದು ತಿಳಿಯಲಿಲ್ಲ. ಯಾವ ಶತಮಾನದ್ದೆಂದು ಹೇಳುವ ವಿಧಾನ ಆಗ ಇರಲಿಲ್ಲ. ಮೂಳೆಗಳು ಮತ್ತೆ ಕುಂಭ ಸೇರಿದವು.

ಈಗ ವಿಧಾನಗಳಿವೆ. 2012ರಲ್ಲಿ ಲೆಸ್ಟರ್ ನಗರದ ಕಾರು ನಿಲ್ದಾಣವೊಂದರ ಕೆಳಗೆ ಮೂರನೆಯ ರಿಚರ್ಡನ ಅಸ್ಥಿಪಂಜರವೇ ಸಿಕ್ಕಿತು. ಅವನ ಅಕ್ಕನ ಹೆಣ್ಣು ಸಂತತಿಯಲ್ಲಿ ಬಂದವರ ಡಿಎನ್‌ಎ ಹೋಲಿಸಿ 2013ರಲ್ಲಿ ಗುರುತು ಖಚಿತಪಡಿಸಿದರು. ಬೆನ್ನುಮೂಳೆ ಪಕ್ಕಕ್ಕೆ ಬಾಗಿದ್ದು ನಿಜ, ನಾಟಕದ ಒಣಗಿದ ಕೈ ಮಾತ್ರ ಸುಳ್ಳು ಎಂಬುದೂ ಗೊತ್ತಾಯಿತು. 2015ರಲ್ಲಿ ಲೆಸ್ಟರ್ ಕೆಥೆಡ್ರಲ್‌ನಲ್ಲಿ ಅವನನ್ನು ಗೌರವದಿಂದ ಹೂಳಿದರು. ಆರೋಪಿಯ ಮೂಳೆ ಸಿಕ್ಕಿತು, ಪರೀಕ್ಷೆಯೂ ಆಯಿತು. ಕೊಲೆಯಾದವರದೆಂದು ಹೇಳುವ ಮೂಳೆಗಳು ಮಾತ್ರ 1933ರ ಮೇಲೆ ಹೊರಬಂದಿಲ್ಲ. ಸಮಾಧಿಗಳನ್ನು ಕೆದಕುವ ಪರಿಪಾಠ ಬೇಡವೆಂಬುದು ಅರಮನೆ ಮತ್ತು ಚರ್ಚಿನ ನಿಲುವಾಗಿತ್ತು.

ಹೊಸ ಕಾಗದಗಳು ಮಾತ್ರ ಬರುತ್ತಲೇ ಇವೆ. ರಿಚರ್ಡನ ಹುಡುಕಾಟಕ್ಕೆ ಕಾರಣಳಾದ ಫಿಲಿಪ್ಪಾ ಲ್ಯಾಂಗ್ಲಿ, ರಾಜಕುಮಾರರಿಬ್ಬರೂ ಯುರೋಪಿಗೆ ಪಾರಾಗಿ ಬದುಕಿದ್ದರೆಂದು 2023ರಲ್ಲಿ ಲೀಲ್ ಮತ್ತು ನೆದರ್ಲೆಂಡ್ಸ್‌ನ ದಾಖಲೆಗಳನ್ನು ಮುಂದಿಟ್ಟಳು. ಬಹುಪಾಲು ಇತಿಹಾಸಕಾರರು ಒಪ್ಪಿಲ್ಲ. ಮರುವರ್ಷ ಪ್ರೊಫೆಸರ್ ಟಿಮ್ ಥಾರ್ನ್‌ಟನ್ 1516ರ ಒಂದು ಉಯಿಲನ್ನು ಬೆಳಕಿಗೆ ತಂದರು. ಬಾಲದೊರೆ ಐದನೆಯ ಎಡ್ವರ್ಡನ ಸರವೊಂದನ್ನು ಮಾರ್ಗರೆಟ್ ಕ್ಯಾಪೆಲ್ ಎಂಬ ಹೆಂಗಸು ಮಗನಿಗೆ ಬಿಟ್ಟುಹೋಗಿದ್ದಾಳೆ. ಅವಳು ಮೋರ್ ಹೆಸರಿಸಿದ ಟಿರೆಲ್‌ನ ಹೆಂಡತಿಯ ಕಡೆಯ ನಂಟಸ್ತಿಕೆಯವಳು. ದೊರೆಯ ಕೊರಳ ಸರ ಆ ಮನೆಗೆ ಹೋದದ್ದು ಹೇಗೆ? ಮೋರ್ ಹೇಳಿದ್ದರಲ್ಲಿ ನಿಜವಿರಬಹುದೆಂಬ ಮಾತಿಗೆ ಇದರಿಂದ ಬಲ ಬಂದಿದೆ. ಆದರೂ ಸರ ಸಾಕ್ಷಿಯಾಗಬಹುದು, ತೀರ್ಪಾಗಲಾರದು.

ಐದು ನೂರು ವರ್ಷಗಳ ಈ ವ್ಯಾಜ್ಯ ನಡೆದಿರುವುದೆಲ್ಲ ರಿಚರ್ಡನ ಸುತ್ತ. ಅವನ ಪರ ವಾದಿಸಲು 1924ರಿಂದ ಸಂಘವೊಂದಿದೆ, ವಿರುದ್ಧ ವಾದಿಸಲು ಶೇಕ್ಸ್‌ಪಿಯರನೇ ಇದ್ದಾನೆ. ನಡುವೆ ಹುಡುಗರು ಬರಿಯ ಸಾಕ್ಷ್ಯವಾಗಿಬಿಟ್ಟರು. ಬಿಲ್ಲು ಹಿಡಿದು ಆಡಿದ, ಸಾವು ಬಂತೆಂದು ನಂಬಿ ಪ್ರಾರ್ಥನೆಗೆ ಕುಳಿತ ಮಕ್ಕಳು ಅವರು ಎಂಬುದು ಮರೆತೇ ಹೋಗುತ್ತದೆ. ಕುಂಭವನ್ನು ಮುಚ್ಚಿಟ್ಟರೆ ಅವರಿಗೆ ಶಾಂತಿ ಸಿಗುತ್ತದೆ ಎನ್ನುವವರು ಒಂದು ಮಾತು ಯೋಚಿಸಬೇಕು. ಒಳಗಿರುವುದು ಅವರೇ ಆಗಿದ್ದರೆ, ಎಡ್ವರ್ಡ್ ತಾನು ಹುಟ್ಟಿದ ಅಭಯಸ್ಥಾನದಿಂದ ಕೂಗಳತೆಯ ದೂರದಲ್ಲಿ ಮಲಗಿದ್ದಾನೆ. ಅಲ್ಲದಿದ್ದರೆ, ಹೆಸರೇ ತಿಳಿಯದ ಯಾರದೋ ಇಬ್ಬರು ಮಕ್ಕಳು ರಾಜರ ಹೆಸರು ಹೊತ್ತು ಇಲ್ಲಿದ್ದಾರೆ. ಕಿರೀಟವೇ ಕಾಣದ ದೊರೆ ಮತ್ತು ಅವನ ತಮ್ಮ ಇನ್ನೂ ಎಲ್ಲೋ, ಬಹುಶಃ ಕೊಹಿನೂರ್ ನೋಡಲು ಹೋಗುವವರ ಕಾಲಡಿಯಲ್ಲೇ, ಯಾರಾದರೂ ಹುಡುಕಿಯಾರೆಂದು ಕಾದಿದ್ದಾರೆ.